ಬೂಕನಕೆರೆ ತಿಮ್ಮೇಶನ ಮಿರಮಿರ ಮಿಂಚುವ ಮನೆ

ಕೆ.ಆರ್. ಪೇಟೆಯ ನಮ್ಮ ಬಣ್ಣದಂಗಡಿಯ ಮೆಟ್ಟಿಲು ಹತ್ತಿದ ಯಾರನ್ನೇ ಆಗಲಿ ನಾನು ಮೊದಲು ತೂಗುತ್ತೇನೆ, ಆಮೇಲೆ ‘ಬನ್ನಿ’ ಅನ್ನುತ್ತೇನೆ. ವ್ಯಾಪಾರಿಯ ಕಣ್ಣೇ ಹಾಗೆ, ತಕ್ಕಡಿ ಒಳಗೇ ಇರುತ್ತದೆ. ತಿಮ್ಮೇಶ ಬಂದ ದಿನವೂ ತೂಗಿದೆ. ಮೈಕಟ್ಟು ಗಟ್ಟಿ. ಕಣ್ಣು ತಿಳಿ. ಬೀಡಿಯ ವಾಸನೆಯಿಲ್ಲ, ಕುಡಿತದ ಊತ ಮುಖದಲ್ಲಿಲ್ಲ. ಅಂಗಿಗೆ ಇಸ್ತ್ರಿ ಇತ್ತು. ಇಸ್ತ್ರಿ ಮಾಡಿದವನು ತಾನೇ ಎಂದು ಸಾರುವ ಸುಟ್ಟ ಗುರುತೊಂದು ಜೇಬಿನ ಕೆಳಗಿತ್ತು. ಬೆಲೆ ಕೇಳಿದ, ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಗಿರಾಕಿಗಳಲ್ಲಿ ಎರಡು ಜಾತಿ: ದುಡ್ಡು ಹೆಚ್ಚಾದವರು, ಮಾತು ಬೇಕಾದವರು. ಇವನು ಎರಡನೆಯವನು. ಕಲರ್ ಕಾರ್ಡನ್ನು ಮೊದಲಿನಿಂದ ಕೊನೆಗೆ ನೋಡಿ, ಕೊನೆಯಿಂದ ಮೊದಲಿಗೆ ಮತ್ತೆ ನೋಡಿದ. ಫ್ಯಾನಿನ ಕೆಳಗೆ ಕೂತ. ಟೀ ಬಂದಾಗ ಬೇಡ ಎನ್ನಲಿಲ್ಲ.

ನನ್ನ ತೀರ್ಪು ಇಷ್ಟು: ಒಳ್ಳೆಯ ಮಾಲು, ಅಂಗಡಿಯಲ್ಲಿ ಬಹಳ ವರ್ಷ ಉಳಿದುಬಿಟ್ಟಿದೆ, ತಪ್ಪು ಮಾಲಿನದಲ್ಲ.

ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಬೂಕನಕೆರೆಯ ಪಕ್ಕದಲ್ಲಿ ನಾಲೆ ನೀರಿನ ಗದ್ದೆ, ಕಬ್ಬು, ಡೈರಿಗೆ ಹಾಲು ಹಾಕುವ ಎರಡು ಹಸು. ಒಂದು ಕಾಲದಲ್ಲಿ ಇಷ್ಟಿದ್ದರೆ ಹೆಣ್ಣಿನ ಅಪ್ಪಂದಿರು ತಾವಾಗಿ ಜಾತಕ ಹಿಡಿದು ಬರುತ್ತಿದ್ದರು. ಈಗ ನಮ್ಮ ಮಂಡ್ಯದ ಸೀಮೆಯಲ್ಲಿ ಉಳುವವನಿಗೆ ಹೆಣ್ಣು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆಂದರೆ ‘ಹುಡುಗ ಸಿಟಿಯಲ್ಲವ್ನೆ’ ಎಂದು ಕೊಡುತ್ತಾರೆ. ಕಬ್ಬು ಬೆಳೆಯುತ್ತಾನೆಂದರೆ ‘ನೋಡೋಣ’ ಅನ್ನುತ್ತಾರೆ. ನೋಡೋಣ ಎಂದವರು ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕರೂ ನೋಡುವುದಿಲ್ಲ.

ನಮ್ಮಲ್ಲಿ ಹೆಣ್ಣು ನೋಡುವುದು ಒಂದು ಶಾಸ್ತ್ರ, ಮನೆ ನೋಡುವುದು ಇನ್ನೊಂದು. ಗಂಡಿನವರು ಹೋಗಿ ಹೆಣ್ಣನ್ನು ನೋಡಿ ಬಂದ ಮೇಲೆ, ಹೆಣ್ಣಿನ ಕಡೆಯವರು ಒಂದು ದಿನ ಬಂದು ಗಂಡಿನ ಮನೆಯನ್ನು ನೋಡುತ್ತಾರೆ. ನಡುಮನೆಯಲ್ಲಿ ಕೂರುತ್ತಾರೆ, ಹಿತ್ತಲು ಸುತ್ತುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಕೊಟ್ಟಿಗೆಗೆ ಇಣುಕುತ್ತಾರೆ. ತಿಮ್ಮೇಶನ ಮನೆ ಹೀಗೆ ನೋಡಿಸಿಕೊಂಡು ನೋಡಿಸಿಕೊಂಡೇ ಬೆಳೆದದ್ದು. ಒಬ್ಬರು ಹೆಂಚಿನ ಮನೆ ಎಂದು ಮೂಗು ಮುರಿದರು, ತಾರಸಿ ಹಾಕಿಸಿದ. ಇನ್ನೊಬ್ಬರು ಬಚ್ಚಲು ಹೊರಗಿದೆ ಎಂದರು, ಒಳಗೆ ಟೈಲ್ಸ್ ಸಮೇತ ಕಟ್ಟಿಸಿದ. ಕೊನೆಗೆ ಬಂದವರು ತಪ್ಪು ಹುಡುಕಿ ಸುಸ್ತಾಗಿ, ‘ಮನೆ ಯಾಕೋ ಮಂಕು’ ಎಂದು ಹೇಳಿ ಎದ್ದರು. ಆ ಮಂಕಿಗೆ ಮದ್ದು ಹುಡುಕಿಕೊಂಡು ಅವನು ನನ್ನ ಅಂಗಡಿಗೆ ಬಂದಿದ್ದ.

“ಸೆಟ್ರೆ, ಬಾಗ್ಲಿಗೆ ಬಳಿಯೋ ಲ್ಯಾಕರ್ ಬೇಕು. ಗ್ಲಾಸಿ.”

“ಮ್ಯಾಟ್ ತಗೊಳಪ್ಪ, ಹೊಳಪಿಲ್ಲದ್ದು. ಹಳ್ಳಿ ಮನೆ, ಧೂಳು ಜಾಸ್ತಿ. ಗ್ಲಾಸಿ ಬಳಿದ್ರೆ ಒಂದೊಂದು ಬೆರಳಿನ ಗುರುತೂ ಎದ್ದು ಕಾಣ್ತದೆ,” ಎಂದೆ. ಲಾಭ ಕಮ್ಮಿಯಿದ್ದರೂ ಸರಿಯಾದ ಮಾತೇ ಹೇಳಿದ್ದೆ, ಅಪರೂಪಕ್ಕೆ.

“ನಮ್ಮನೇಲಿ ಬೆರಳು ಮಡಗೋರು ಯಾರವ್ರೆ ಸೆಟ್ರೆ?”

ನಕ್ಕೆ. ಅವನೂ ನಕ್ಕ. ಆಮೇಲೆ ಸ್ಯಾಂಪಲ್ ಹಲಗೆಯನ್ನು ಬೆಳಕಿಗೆ ಹಿಡಿದು ಅದರಲ್ಲಿ ತನ್ನ ಮೀಸೆ ನೋಡಿಕೊಂಡ.

“ಇಂಗೆ ಮಕ ಕಾಣ್ಬೇಕು. ನಾಗಮಂಗಲದ ಕಡೆಯೋರು ಬತ್ತಾವ್ರೆ, ಮನೆ ನೋಡಕ್ಕೆ. ಅಕ್ಕ ಗೊತ್ತು ಮಾಡವ್ಳೆ.”

“ಕಾಣ್ಬೇಕಾಗಿರೋ ಮಕ ನಿಂದಾ, ಹುಡುಗೀದಾ?”

“ಯಾರ್ದೋ ಒಂದು ಕಾಣ್ಲಿ ಬುಡಿ.”

ಹುಡುಗಿಯ ಹೆಸರು ಮಮತ. ಮೂವತ್ತು ದಾಟಿದವಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದವಳು. ತಿಮ್ಮೇಶನ ಅಕ್ಕ ಪ್ರೇಮಮ್ಮನನ್ನು ಚಿನಕುರಳಿಗೆ ಕೊಟ್ಟಿದೆ. ತಮ್ಮನಿಗೆ ಹೆಣ್ಣು ಹುಡುಕುವುದೇ ಆಕೆಯ ಅರ್ಧ ಸಂಸಾರ. ಅಕ್ಕ ತಮ್ಮ ಇಬ್ಬರೂ ಹೋಗಿ ಮಮತಳನ್ನು ನೋಡಿ ಬಂದಿದ್ದರು. ಬೇರೆ ಹುಡುಗಿಯರು ಕಾಫಿ ಲೋಟ ಇಟ್ಟು ನೆಲ ನೋಡಿಕೊಂಡು ಒಳಗೆ ಹೋದರೆ, ಇವಳು ಮಾತ್ರ ನಿಂತು, “ನಿಮ್ಮ ಹಸುಗೋಳ್ಗೆ ಏನ್ ಎಸ್ರು ಇಟ್ಟಿದೀರಿ?” ಎಂದು ಕೇಳಿದ್ದಳಂತೆ. ತಿಮ್ಮೇಶ ಹೆಸರೇ ಇಟ್ಟಿರಲಿಲ್ಲ. ಊರಿಗೆ ಬಂದವನು ಅದೇ ಸಂಜೆ ಒಂದಕ್ಕೆ ಬೆಳ್ಳಿ, ಇನ್ನೊಂದಕ್ಕೆ ಕಮಲಿ ಎಂದು ಹೆಸರಿಟ್ಟ.

“ಇಷ್ಟ್ ವರ್ಸದಲ್ಲಿ ಯಾರೂ ನನ್ನ ಏನೂ ಕೇಳಿರ್ನಿಲ್ಲ ಸೆಟ್ರೆ,” ಎಂದ. “ಜಮೀನ್ ಎಷ್ಟು ಅಂತ ಅಕ್ಕನ್ನ ಕೇಳೋರು, ಸಾಲ ಅದ್ಯಾ ಅಂತ ಪಕ್ಕದ್ಮನೆಯೋರ್ನ ಕೇಳೋರು.”

ಗ್ಲಾಸಿ ಡಬ್ಬಿಗಳನ್ನು ಇಳಿಸಿ ಕೊಟ್ಟೆ. ಇನ್ನು ಮ್ಯಾಟ್ ಎನ್ನುವ ಧೈರ್ಯ ಯಾರಿಗಿದೆ?

ಕೆಲಸಕ್ಕೆ ಶ್ರೀರಂಗಪಟ್ಟಣದಿಂದ ಮುದ್ದಯ್ಯನನ್ನು ಕರೆಸಿದೆ. ಮುದ್ದಯ್ಯ ಪಾಲಿಶ್ ಕೆಲಸದಲ್ಲಿ ಹಳಬ, ಬಾಯಿಯಲ್ಲಿ ಇನ್ನೂ ಹಳಬ. ಈ ಕೆಲಸದ ಕಷ್ಟ ಬಣ್ಣದಲ್ಲಿಲ್ಲ, ಗಾಳಿಯಲ್ಲಿದೆ. ಉಪ್ಪು ಕಾಗದದಲ್ಲಿ ಮರ ಉಜ್ಜಿ, ಸೀಲರ್ ಕೊಟ್ಟು, ಮತ್ತೆ ಉಜ್ಜಿ, ಕೊನೆಯ ಕೋಟು ಸ್ಪ್ರೇ ಗನ್ನಿನಲ್ಲಿ ಹೊಡೆದ ಮೇಲೆ ಅದು ಒಣಗುವವರೆಗೆ ಒಂದು ಕಣ ಧೂಳೂ ಹಾರಬಾರದು. ಕಿಟಕಿಗೆ ಒದ್ದೆ ಗೋಣಿ ಕಟ್ಟಬೇಕು, ಫ್ಯಾನು ಹಾಕಬಾರದು, ಕಸ ಗುಡಿಸಬಾರದು. ಲ್ಯಾಕರ್ ತೆಳುವಾಗಿಸುವ ಥಿನ್ನರಿನ ಆವಿಗೆ ಕಿಡಿ ತಾಗಿದರೆ ಮನೆಯೇ ಹೋದೀತು, ಹಾಗಾಗಿ ಒಲೆಯನ್ನೂ ಹಚ್ಚುವಂತಿಲ್ಲ. ಮಕ್ಕಳು ಮರಿ ಇರುವ ಮನೆಯಲ್ಲಿ ಇದನ್ನೆಲ್ಲ ಮಾಡಿಸಬೇಕಾದರೆ ಜಗಳವಾಗುತ್ತದೆ. ತಿಮ್ಮೇಶನ ಮನೆಯಲ್ಲಿ ಜಗಳವಾಡಲು ಯಾರೂ ಇರಲಿಲ್ಲ. ತನ್ನ ಚಾಪೆ ಎತ್ತಿಕೊಂಡು ಕೊಟ್ಟಿಗೆಯ ಪಕ್ಕದ ಮಾಡಿಗೆ ಹೋದ, ಅಷ್ಟೇ. “ಇಂಥ ಮನೆ ಸಿಕ್ಕದು ಪುಣ್ಯ ಕಣ್ರೀ ಸೆಟ್ರೆ, ಬಾಗ್ಲು ಆಕುದ್ರೆ ಗುಡಿ ಇದ್ದಂಗದೆ,” ಎಂದು ಮುದ್ದಯ್ಯ ಫೋನಿನಲ್ಲಿ ಹೊಗಳಿದ. ಅವನಿಗೆ ಅದು ಹೊಗಳಿಕೆ.

ಒಂದು ಮಧ್ಯಾಹ್ನ ಥಿನ್ನರ್ ಕಡಿಮೆ ಬಿತ್ತೆಂದು ನಾನೇ ಸ್ಕೂಟರಿನಲ್ಲಿ ಒಯ್ದೆ. ತಲೆಬಾಗಿಲು ಆಗಲೇ ಮುಗಿದಿತ್ತು. ತೇಗದ ಬಾಗಿಲು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಎದುರಿನ ತೆಂಗಿನ ಮರ, ನನ್ನ ಸ್ಕೂಟರು, ನನ್ನ ಹೊಟ್ಟೆ ಎಲ್ಲವನ್ನೂ ಹಾಗೆ ಹಾಗೆಯೇ ತೋರಿಸುತ್ತಿತ್ತು. ಹೊಟ್ಟೆಯ ವಿಷಯದಲ್ಲಿ ಇಷ್ಟು ನಿಖರವಾಗಿರಬೇಕಿರಲಿಲ್ಲ.

ಅಂಗಳದಲ್ಲಿ ವಾದ ನಡೆದಿತ್ತು. ಈ ಲ್ಯಾಕರ್ ಎರಡು ಡಬ್ಬಿಯ ಸಾಮಾನು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಮದ್ದು. ಎರಡನ್ನೂ ಬೆರೆಸಿದ ಮೇಲೆ ಕಾಯುವುದಿಲ್ಲ, ಸಂಜೆಯೊಳಗೆ ಬಳಿದು ಮುಗಿಸಬೇಕು. ಇಲ್ಲದಿದ್ದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ಅವತ್ತು ಮುದ್ದಯ್ಯ ಬೆರೆಸಿದ್ದು ಹೆಚ್ಚಾಗಿತ್ತು. ಚೆಲ್ಲಿಬಿಡೋಣ ಅಂದದ್ದಕ್ಕೆ ತಿಮ್ಮೇಶ ಒಪ್ಪಲಿಲ್ಲ. ಉಳುವವನ ಕೈ ಹಾಗೆ, ಮಿಕ್ಕಿದ್ದನ್ನು ಚೆಲ್ಲಲು ಬಾರದು. ಮನೆಯೊಳಗೆ ಹೋಗಿ ಮರದ್ದು ಅಂತ ಏನೇನಿತ್ತೋ ಎಲ್ಲ ತಂದು ಸುರಿದ. ಕೂರುವ ಮಣೆ, ಸ್ಟೂಲು, ದೇವರ ಗೂಡಿನ ಬಾಗಿಲು, ಕನ್ನಡಿಯ ಚೌಕಟ್ಟು. ಮುದ್ದಯ್ಯ ಒಂದೊಂದಕ್ಕೂ ಗನ್ನು ಹಿಡಿದ.

“ಹಸುಗೋಳ ಕೊಂಬು ಮಾತ್ರ ಬುಟ್ಟಿದೀಯ ತಿಮ್ಮೇಶ,” ಎಂದೆ.

“ಅವು ಮರದ್ದಲ್ವಲ್ಲ ಸೆಟ್ರೆ.”

ಕೊನೆಗೆ ಅಡಿಗೆಮನೆಯಿಂದ ಮುದ್ದೆ ತಿರುವುವ ಕೋಲನ್ನು ತಂದ. ತೀರಿಹೋದ ಅವನ ತಾಯಿಯ ಕಾಲದ್ದು. ಹಿಡಿಯುವ ಕಡೆ ಸವೆದು ನುಣುಪಾಗಿತ್ತು, ಹಿಟ್ಟಿಗಿಳಿಯುವ ಕಡೆ ಮಸಿಯ ಹಾಗೆ ಕಪ್ಪು.

“ಇದ್ಯಾಕಣ್ಣ? ಇದು ಒಲೆ ಮ್ಯಾಲೆ ಆಡೋ ಸಾಮಾನು,” ಎಂದ ಮುದ್ದಯ್ಯ.

“ಅದ್ಕೀಗ ಏನ್ ಕೆಲ್ಸ ಅದೆ? ಬಳಿ.”

“ಕೆಲ್ಸ ಕೊಡೋಳು ಬತ್ತಾವ್ಳಲ್ಲಪ್ಪ!”

“ಬಂದೋಳ್ಗೆ ಒಸಾದು ತತ್ತೀನಿ. ಇದು ಗೋಡೇಲಿ ಚೆಂದಾಗಿರ್ಲಿ, ಬಳಿಯೋ.”

ಮುದ್ದಯ್ಯ ಉಪ್ಪು ಕಾಗದ ಹಿಡಿದು ಉಜ್ಜಿದ. ಕಪ್ಪೆಲ್ಲ ಹೋಗಿ ಒಳಗಿನ ಬಿಳಿ ಮರ ಬಂತು. ಅದರ ಮೇಲೆ ಮಿಕ್ಕ ಲ್ಯಾಕರ್ ಕೂತಿತು. ಕೋಲು ಗಾಜಿನ ಹಾಗೆ ಮಿಂಚಿತು. ತಿಮ್ಮೇಶ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ, ಒಣಗಿದ ಮೇಲೆ ಅಡಿಗೆಮನೆಯ ಗೋಡೆಗೆ ನೇತು ಹಾಕಿದ.

ಮನೆ ನೋಡುವ ಭಾನುವಾರ ನನಗೂ ಕರೆ ಬಂತು. ತಿಮ್ಮೇಶನ ಕಡೆ ಕೂರಿಸಲು ಹಿರಿಯರು ಅಂತ ಯಾರೂ ಇರಲಿಲ್ಲ. ಗಂಡಿನ ಕಡೆ ಕುರ್ಚಿ ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಪ್ರೇಮಮ್ಮ ಫೋನು ಮಾಡಿ, “ಸೆಟ್ರೆ, ಬಿಳೀ ಅಂಗಿ ಆಕ್ಕೊಂಡು ಬಂದ್ಬುಡಿ, ಮಾತಾಡ್ಬೇಕು ಅಂತೇನಿಲ್ಲ,” ಎಂದಳು. ಅಂಗಡಿಯಲ್ಲಿ ಜಾಗ ತುಂಬಲು ಖಾಲಿ ಡಬ್ಬಿ ಜೋಡಿಸುವುದು ನನಗೆ ಗೊತ್ತಿರುವ ವಿದ್ಯೆಯೇ. ಹೋಗಿ ಕೂತೆ.

ನಾಗಮಂಗಲದವರು ಕಾರಿನಲ್ಲಿ ಬಂದರು: ಮಮತಳ ಅಪ್ಪ, ಚಿಕ್ಕಪ್ಪ, ಸೋದರತ್ತೆ, ಜೊತೆಗೆ ಮಮತ. ಹಿಂದೆಲ್ಲ ಹುಡುಗಿ ಬರುತ್ತಿರಲಿಲ್ಲ; ಇವಳು ತಾನೇ ನೋಡುತ್ತೇನೆಂದು ಬಂದಿದ್ದಳಂತೆ. ಬಾಗಿಲ ಮುಂದೆ ಎಲ್ಲರೂ ನಿಂತರು. ಚಿಕ್ಕಪ್ಪ ಜೇಬಿನಿಂದ ಬಾಚಣಿಗೆ ತೆಗೆದು ಬಾಗಿಲು ನೋಡಿಕೊಂಡೇ ಕ್ರಾಪು ತೀಡಿದ.

“ಏನ್ ಮಿಂಚ್ತದಪ್ಪ! ಎಲ್ ಮಾಡ್ಸುದ್ರಿ ಇದ?”

ತಿಮ್ಮೇಶ ನನ್ನ ಕಡೆ ನೋಡಿದ. ನಾನು ಗಂಡಿನ ಕಡೆಯ ಹಿರಿಯನಾಗಿದ್ದೆ, ವ್ಯಾಪಾರ ಮಾತಾಡುವ ಹಾಗಿರಲಿಲ್ಲ.

ಪ್ರೇಮಮ್ಮ ತನ್ನ ಮನೆಯಿಂದಲೇ ಮಾಡಿ ತಂದಿದ್ದ ಕೇಸರಿಬಾತು, ಫ್ಲಾಸ್ಕಿನ ಕಾಫಿ ಆಯಿತು. ಮಮತ ಕೊಟ್ಟಿಗೆಯ ಕಡೆ ಹೋದಳು. ತಿಮ್ಮೇಶ ಹಿಂದೆಯೇ ಹೋಗಿ, “ಇದು ಬೆಳ್ಳಿ, ಅದು ಕಮಲಿ,” ಎಂದು ತೋರಿಸಿದ. ಅವಳು, “ಅವತ್ ಇಲ್ಲ ಅಂದ್ರಿ?” ಎಂದು ಕೇಳಿದಳು. “ಆಮ್ಯಾಕ್ ಇಟ್ಟೆ,” ಎಂದ. ಅವಳು ನಕ್ಕಿದ್ದು ನಡುಮನೆಗೂ ಕೇಳಿಸಿತು. ಪ್ರೇಮಮ್ಮ ನನ್ನನ್ನು ನೋಡಿ ಕಣ್ಣರಳಿಸಿದಳು. ನನ್ನ ತಕ್ಕಡಿಯೂ ಆಗ, ವ್ಯಾಪಾರ ಕುದುರಿತು, ಎಂದೇ ಹೇಳಿತು.

ಅಷ್ಟರಲ್ಲಿ ಸೋದರತ್ತೆ ಅಡಿಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಆ ಕೋಲಿತ್ತು.

“ಇದೇನವ್ವ ಇದು?”

“ಇಟ್ಟಿನ್ ಕೋಲು ಕನತ್ತೆ,” ಎಂದಳು ಪ್ರೇಮಮ್ಮ.

“ಇಟ್ಟಿನ್ ಕೋಲು ಅನ್ನದು ನಂಗೂ ಗೊತ್ತು ಕನವ್ವ. ಇದ್ರಲ್ಲಿ ಇಟ್ಟು ತಿರುವಿ ಎಷ್ಟ್ ಕಾಲ ಆಯ್ತು ಅಂತ ಕೇಳ್ದೆ.”

“ಬುಡಕ್ಕ, ಸೋಕಿಗೆ ಮಡಗವ್ರೆ,” ಎಂದ ಚಿಕ್ಕಪ್ಪ.

“ಸೋಕಿಗೆ ಇಟ್ಟಿನ್ ಕೋಲು ಮಡಗಿರೋ ಮನೆ ನಾನ್ ಉಟ್ಟುದಾಗ್ಲಿಂದ ನೋಡಿಲ್ಲ ಕಣ್ಲಾ. ಒಲೆ ನೋಡ್ದೆ, ಅದೂ ಮಿಂಚ್ತದೆ. ಒಗ್ಗರಣೆ ಬಿದ್ದಿರೋ ಒಂದು ಕಲೆ ಇಲ್ಲ ಗೋಡೇಲಿ. ಇಲ್ಲಿ ಅಡ್ಗೆ ಮಾಡೋರು ಯಾರು?”

ಪ್ರೇಮಮ್ಮ ಬಾಯಿ ತೆರೆಯುವಷ್ಟರಲ್ಲಿ ಕೊಟ್ಟಿಗೆಯಿಂದ ಬಂದ ತಿಮ್ಮೇಶನೇ ಉತ್ತರ ಕೊಟ್ಟ. ಅಕ್ಕ ಕಣ್ಣಲ್ಲೇ ಸುಮ್ಮನಿರು ಎಂದಳು, ಅವನು ನೋಡಲಿಲ್ಲ.

“ನಾನೊಬ್ನೆ ಅಲ್ವಾತ್ತೆ. ಒಬ್ಬನ್ಗೆ ಅಂತ ಎಸರಿಟ್ರೆ ಇಟ್ಟು ಪಾತ್ರೆ ತಳದಲ್ಲೇ ಇರ್ತದೆ, ಕೋಲ್ಗೆ ಸಿಕ್ಕಲ್ಲ. ನಾಕ್ ಜನಕ್ಕೆ ಮಾಡುದ್ರೆ ಸರೀಗೆ ತಿರುಗ್ತದೆ, ಉಣ್ಣೋರಿಲ್ಲ. ಅದ್ಕೆ ಓಟ್ಲಲ್ಲೇ ಉಣ್ತೀನಿ.”

“ರಾತ್ರೆಗೆ?” ಎಂದು ಕೇಳಿದ್ದು ಮಮತ.

“ಒಂದೊಂದ್ ದಿನ ಅನ್ನ ಮಾಡ್ತೀನಿ. ಇಲ್ದಿದ್ರೆ ಬನ್ನು, ಬಾಳೆಅಣ್ಣು.”

ಮಮತ ಅತ್ತೆಯ ಕೈಯಿಂದ ಕೋಲನ್ನು ತೆಗೆದುಕೊಂಡು ಹೋಗಿ ಮೊಳೆಗೆ ಸಿಕ್ಕಿಸಿ ಬಂದಳು. ಅವಳ ಅಪ್ಪ ಎದ್ದು ನಿಂತು, “ತಿಳುಸ್ತೀವಿ,” ಎಂದ. ಆ ಮಾತನ್ನು ನಾನು ಅಂಗಡಿಯಲ್ಲಿ ದಿನಾ ಕೇಳುತ್ತೇನೆ. ‘ಮನೇಲಿ ಕೇಳ್ಕೊಂಡು ಬರ್ತೀನಿ’ ಎನ್ನುವ ಗಿರಾಕಿಯ ಚಪ್ಪಲಿ ಎತ್ತ ತಿರುಗಿದೆ ನೋಡಿದರೆ ಸಾಕು.

ಉತ್ತರ ಬರಲು ಬಹಳ ದಿನ ಹಿಡಿಯಲಿಲ್ಲ. ಅದನ್ನು ನನಗೆ ತಲುಪಿಸಿದ್ದು ಪ್ರೇಮಮ್ಮ. ಚಿನಕುರಳಿಯಿಂದ ಬಸ್ಸು ಹತ್ತಿ, ತಮ್ಮನ ಮನೆಗೂ ಹೋಗದೆ ನೇರ ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡಳು.

“ನೋಡಿ ಸೆಟ್ರೆ, ಏನಂದವ್ರೆ ಅಂತ. ಮನೆ ಏನೋ ಅರಮನೆ ಇದ್ದಂಗದೆ, ಒಲೆ ಉರೀದ್ ಮನೆಗೆ ನಮ್ ಮಗೀನ್ ಕೊಡಕ್ಕಾಗಲ್ಲ ಅಂದ್ಬುಟ್ರು. ಆ ಮುದುಕಿ ಸುಮ್ನಿರ್ಬಾರ್ದಾ? ಹುಡ್ಗಿ ಒಪ್ಪಿದ್ಲಂತೆ ಕನಿ! ಮನೇಲಿ ಅಡ್ಗೆ ಇಲ್ದೆ ಓಟ್ಲು ಸುತ್ತೋನು ಆಮೇಲೆ ಏನೇನ್ ಸುತ್ತಾನೋ ಅಂತ ಅವ್ರಪ್ಪನ್ ತಲೆ ಕೆಡಿಸವ್ಳೆ.”

“ಕುಡಿಯೋನಲ್ಲ ಅಂತ ಹೇಳ್ಬೇಕಿತ್ತು.”

“ಏಳ್ದೆ ಬುಟ್ಟಿದೀನಾ? ನಂಬ್ಬೇಕಲ್ಲ. ಆ ಕೋಲ್ಗೆ ಯಾಕ್ಲಾ ಬಳಿಸ್ದೆ ಅಂತ ಉಗುದ್ರೆ, ಮಿಕ್ಕಿತ್ತು ಕನಕ್ಕ ಅಂತಾನೆ! ಮಿಕ್ಕಿತ್ತಂತೆ! ನಿಮ್ ಬಣ್ಣ ಮನೆ ಮುರೀತು ಸೆಟ್ರೆ.”

ನನ್ನ ಬಣ್ಣದ ಮೇಲೆ ಯಾರಾದರೂ ಹೀಗೆ ದೂರು ತಂದರೆ ಕಂಪನಿಯವರಿಗೆ ಫೋನು ಮಾಡಿಕೊಳ್ಳಿ ಎನ್ನುತ್ತೇನೆ. ಅವತ್ತು ಟೀ ತರಿಸಿದೆ.

ತಿಮ್ಮೇಶ ಮಾತ್ರ ಯಾರನ್ನೂ ಬೈಯಲಿಲ್ಲ. ಸಂತೆಯ ದಿನ ಬಂದು ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ಹಿಂದೆ ಹೊಸ ಕೋಲೊಂದನ್ನು ಕಟ್ಟಿಕೊಂಡಿದ್ದ, ಬಿಳಿ ಮರದ್ದು. “ಅವ್ರು ಅಂದಿದ್ದು ಸುಳ್ಳಲ್ಲ ಸೆಟ್ರೆ. ಒಲೆ ಉರೀಲಿ ಅಂತ ತಗೊಂಡೆ,” ಎಂದ. ಆ ದಿನ ನಾಲ್ಕು ಜನಕ್ಕಾಗುವಷ್ಟು ಎಸರಿಟ್ಟು, ಸರಿಯಾಗಿ ತಿರುವಿ, ಮುದ್ದೆ ಕಟ್ಟಿದನಂತೆ. ಒಂದು ತಾನು ಉಂಡ. ಉಳಿದದ್ದು ಬೆಳ್ಳಿಗೆ, ಕಮಲಿಗೆ. ಒಂದಷ್ಟು ದಿನ ಹೀಗೇ ನಡೆಸಿದ. ಆಮೇಲೆ ಮಮತಳಿಗೆ ಮೈಸೂರಿನಲ್ಲಿ ವ್ಯಾನು ಓಡಿಸುವವನ ಜೊತೆ ಮದುವೆ ನಿಶ್ಚಯವಾಯಿತೆಂದು ಪ್ರೇಮಮ್ಮನ ಕಡೆಯಿಂದ ಸುದ್ದಿ ಬಂತು. ಅದರ ನಂತರ ಒಲೆ ಉರಿಯಿತೋ ಇಲ್ಲವೋ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆ ನೋಡಲು ಮತ್ತೆ ಯಾರೂ ಬರಲಿಲ್ಲ. ಪ್ರೇಮಮ್ಮ ಸಹ ಹುಡುಕುವುದನ್ನು ನಿಲ್ಲಿಸಿದಳು. ಅವಳ ಮಗಳಿಗೇ ಗಂಡು ಹುಡುಕುವ ಹೊತ್ತು ಬಂದಿತ್ತು.

ಹಾಗೆಂದು ತಿಮ್ಮೇಶನ ಮನೆಗೆ ಜನ ಬರುವುದು ನಿಂತಿಲ್ಲ. ಅದಕ್ಕೆ ಕಾರಣ ನಾನು. ನಮ್ಮ ಕಡೆ ಈಗ ಮನೆ ಕಟ್ಟಿಸುವವರೆಲ್ಲ ಮರಕ್ಕೆ ಹೊಳಪು ಕೇಳುತ್ತಾರೆ; ಫೋನಿನಲ್ಲಿ ನೋಡಿರುತ್ತಾರೆ, ಕೈಯಲ್ಲಿ ಮುಟ್ಟಿ ನೋಡಿರುವುದಿಲ್ಲ. ಅಂಗೈಯಗಲದ ಸ್ಯಾಂಪಲ್ ಹಲಗೆ ತೋರಿಸಿದರೆ ನಂಬುವುದಿಲ್ಲ. ಅಂಥವರನ್ನು ನಾನು ಬೂಕನಕೆರೆಗೆ ಕರೆದುಕೊಂಡು ಹೋಗಿ ಆ ಬಾಗಿಲ ಮುಂದೆ ನಿಲ್ಲಿಸುತ್ತೇನೆ. ಇನ್ನು ಮಾತು ಬೇಕಿಲ್ಲ, ಬಾಗಿಲೇ ವ್ಯಾಪಾರ ಮಾಡುತ್ತದೆ. ಶೀಳನೆರೆಯವರು ಬಂದು ನೋಡಿದ್ದಾರೆ, ಪಾಂಡವಪುರದವರು ಬಂದಿದ್ದಾರೆ, ಶ್ರೀರಂಗಪಟ್ಟಣದ ದೇವಸ್ಥಾನದ ಅರ್ಚಕ ಶಾಮಣ್ಣನವರು ಮನೆಯವರೊಂದಿಗೆ ಬಂದು ದೇವರ ಮನೆಯ ಬಾಗಿಲಿಗೆ ಇದೇ ಆಗಬೇಕೆಂದು ಹೇಳಿ ಹೋಗಿದ್ದಾರೆ. ಎಲ್ಲರೂ ಬಾಗಿಲು ಸವರುತ್ತಾರೆ, ಮುಖ ನೋಡಿಕೊಳ್ಳುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ. “ಮೈಂಟೇನ್ ಮಾಡಕ್ಕೆ ಕಷ್ಟಾನಾ?” ಎಂದು ಹೆಂಗಸರು ಕೇಳುತ್ತಾರೆ. “ಏನಿಲ್ಲ ಕನಕ್ಕ, ಬಟ್ಟೇಲಿ ಒರುಸ್ದ್ರೆ ಆಯ್ತು,” ಎನ್ನುತ್ತಾನೆ ತಿಮ್ಮೇಶ. ಎಲ್ಲರಿಗೂ ಕಾಫಿ ಕೊಡುತ್ತಾನೆ. ಸಕ್ಕರೆ ಹೆಚ್ಚು ಹಾಕುತ್ತಾನೆ, ಅದನ್ನು ಕುಡಿದು ಮುಗಿಸಲು ಹೊತ್ತು ಹಿಡಿಯುತ್ತದೆ.

ಈಗ ಭಾನುವಾರ ಬೆಳಿಗ್ಗೆ ಅವನದೇ ಫೋನು ಬರುತ್ತದೆ.

“ಸೆಟ್ರೆ, ಇವತ್ ಬಾಗ್ಲು ನೋಡಕ್ಕೆ ಯಾರಾನ ಬತ್ತಾವ್ರಾ?”

“ಇವತ್ ಯಾರೂ ಇಲ್ಲ ಕಣಪ್ಪ.”

“ಸರಿ ಬುಡಿ. ಬಂದ್ರೆ ಮುಂಚೇನೇ ಏಳಿ, ಆಲು ಎತ್ತಿ ಮಡಗಿರ್ತೀನಿ.” ಆಮೇಲೆ, “ನೀವಾದ್ರೂ ಬನ್ನಿ ಸೆಟ್ರೆ, ಊಟುಕ್ಕೆ,” ಎನ್ನುತ್ತಾನೆ.

“ಅಂಗಡಿ ಅದಲ್ಲಪ್ಪ,” ಎನ್ನುತ್ತೇನೆ. ಭಾನುವಾರ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಅದು ಅವನಿಗೂ ಗೊತ್ತು. “ಊಂ, ಅಂಗಡಿ ಅಲ್ವಾ,” ಎಂದು ಅವನೇ ನನ್ನ ಮಾತನ್ನು ಒಪ್ಪಿಕೊಂಡು ಫೋನು ಇಡುತ್ತಾನೆ.

ನನ್ನ ಅಂಗಡಿಯಲ್ಲಿ ಇವತ್ತು ನಡೆಯುವ ಲ್ಯಾಕರ್ ವ್ಯಾಪಾರ ತಿಮ್ಮೇಶನ ಮನೆಯಿಂದ ನಡೆಯುತ್ತಿದೆ. ಅದಕ್ಕೆ ಅವನು ನನ್ನಿಂದ ಏನನ್ನೂ ಕೇಳಿಲ್ಲ, ಊಟಕ್ಕೆ ಬನ್ನಿ ಎನ್ನುವುದನ್ನು ಬಿಟ್ಟು. ಗಿರಾಕಿಯನ್ನು ಜೊತೆಗೆ ಕರೆದುಕೊಳ್ಳದೆ ಆ ಮನೆಗೆ ಹೋಗಿ, ಕೂತು, ಅವನ ಜೊತೆ ಒಂದು ಊಟ ಮಾಡುವುದನ್ನು ನಾನು ಅವನಿಗೆ ಬಾಕಿ ಉಳಿಸಿಕೊಂಡಿದ್ದೇನೆ.